ಕಿತ್ತಳೆಯ ಗಾಯಕ್ಕೆ ಬಂದ ಇಬ್ಬರು

ಕೊಯ್ಲಿನ ದಿನ ಮುಳ್ಳು ತಗುಲಿ ಒಂದು ಕಿತ್ತಳೆಯ ಸಿಪ್ಪೆ ಗೀರಿಹೋಯಿತು. ಗಾಯವಾದ ಹಣ್ಣಿಗೇ ಬೂಷ್ಟು ಹಿಡಿಯುತ್ತದೆಂದು ಅದಕ್ಕೆ ಗೊತ್ತಿತ್ತು. ಹಾಗಾಗಿ ಬುಟ್ಟಿಗೆ ಬಿದ್ದಾಗಿನಿಂದ ಅದು ಯಾರನ್ನೂ ನಂಬಲಿಲ್ಲ.

ರೈತ ಸಿಂಪಡಿಸಿದ ನೀರಿನೊಂದಿಗೆ ಬಂದಿಳಿದ ಬ್ಯಾಕ್ಟೀರಿಯಾ, "ನಿಮ್ಮ ಗಾಯದಲ್ಲಿ ನನಗಿಷ್ಟು ಜಾಗ ಕೊಡಿ" ಎಂದಿತು.

"ನೀನೂ ರೋಗಾಣು ತಾನೇ? ಇದರಿಂದ ನಿನಗೇನು ಲಾಭ?" ಎಂದಿತು ಕಿತ್ತಳೆ.

"ನನಗೆ ಹಸಿವು. ಇಲ್ಲಿ ಒಸರುವ ರಸವನ್ನೆಲ್ಲ ನಾನೇ ಕುಡಿಯುತ್ತೇನೆ. ಆಮೇಲೆ ಬೂಷ್ಟು ಬಂದರೆ ಅದಕ್ಕೆ ಏನೂ ಉಳಿದಿರುವುದಿಲ್ಲ."

ಅಷ್ಟರಲ್ಲಿ ಹಸಿರು ಪುಡಿಯ ಕಣವೊಂದು ಗಾಳಿಯಲ್ಲಿ ತೇಲಿಬಂತು. "ಆ ಹೊಟ್ಟೆಬಾಕನನ್ನು ಸೇರಿಸಬೇಡಿ ತಾಯಿ! ನನಗೆ ನಿಮ್ಮಿಂದ ಏನೂ ಬೇಡ. ಗಾಯವನ್ನು ಮುಚ್ಚಿಕೊಂಡು ಸುಮ್ಮನೆ ಮಲಗಿರುತ್ತೇನೆ."

ಕಿತ್ತಳೆಯ ಅನುಮಾನ ಇಮ್ಮಡಿಯಾಯಿತು. ಏನೂ ಬೇಡದವನು ಇಷ್ಟು ದೂರ ಯಾಕೆ ಬಂದ? ಅದು ಹಸಿದವನನ್ನೇ ಒಳಗೆ ಕರೆಯಿತು. ತೊಟ್ಟು ಕಿತ್ತುಬಂದಿದ್ದ ಪಕ್ಕದ ಹಣ್ಣು ಮಾತ್ರ, "ಎಂಥ ಒಳ್ಳೆಯವರು! ಇಲ್ಲಿಗೆ ಬನ್ನಿ" ಎಂದು ಆ ಕಣವನ್ನು ಬರಮಾಡಿಕೊಂಡಿತು.

ನಾಲ್ಕನೆಯ ದಿನ ಪಕ್ಕದ ಹಣ್ಣು ಪೂರಾ ಹಸಿರು ಬೂಷ್ಟಾಗಿತ್ತು. ಅದರಿಂದೆದ್ದ ಪುಡಿ ಕಿತ್ತಳೆಯ ಗಾಯದ ಮೇಲೂ ಬಿತ್ತು. ಆದರೆ ಅಲ್ಲಿ ಹನಿ ರಸವೂ ಸಿಗದೆ ಒಣಗಿಹೋಯಿತು.

"ಈಗಲಾದರೂ ನನ್ನನ್ನು ನಂಬುತ್ತೀರಾ?" ಬ್ಯಾಕ್ಟೀರಿಯಾ ಕೇಳಿತು.

"ಜಾಗ ಕೊಟ್ಟಿದ್ದೇನೆ. ನಂಬಿಕೆಯ ಮಾತು ನಾಳೆ ನೋಡೋಣ" ಎಂದಿತು ಕಿತ್ತಳೆ.