ಬಾವಿ ಎಲ್ಲಿ ಬೇಕು?

"ಗುರುಗಳೇ, ಬಡವರನ್ನು ಕೇಳದೆ ನಾನು ಒಂದು ಕೆಲಸವನ್ನೂ ಮಾಡಿಸಲಿಲ್ಲ. ಎಲ್ಲರೂ ಒಪ್ಪಿದರು. ಆದರೂ ಅವರ ಬದುಕು ಇದ್ದ ಹಾಗೇ ಇದೆ. ತಪ್ಪಿದ್ದು ಎಲ್ಲಿ?" ಊರೂರು ಸುತ್ತಿ ಸೋತು ಬಂದ ಶಿಷ್ಯ ಕೇಳಿದ.

ಗುರುಗಳು ಅವನನ್ನು ಕೂರಿಸಿ ಈ ಕತೆ ಹೇಳಿದರು.

ಒಂದೂರಲ್ಲಿ ಕೆಂಚವ್ವ ಅಂತ ಒಬ್ಬ ಮುದುಕಿ. ಕೂಲಿ ಮಾಡಿ ಮಾಡಿ ಮಂಡಿ ಸವೆದಿತ್ತು. ಹಳ್ಳದಿಂದ ದಿಬ್ಬ ಹತ್ತಿ ನೀರು ಹೊರುವ ಪಾಡು ಸೊಸೆಗೆ ಬಂದಿತ್ತು. ಸೊಸೆಯೋ ಬಸುರಿ. ಹಿಂದಿನ ಬಸಿರು ಆ ದಿಬ್ಬದಲ್ಲೇ ಇಳಿದುಹೋಗಿತ್ತು.

ಆಗ ಒಬ್ಬ ವ್ಯಾಪಾರಿ ಊರಿಗೊಂದು ಬಾವಿ ತೋಡಿಸುತ್ತೇನೆ ಎಂದು ಬಂದ. ಒಳ್ಳೆಯವನು. ಬಡವರು ಹೇಳಿದ ಕಡೆಯೇ ತೋಡಿಸಬೇಕು ಅಂತ ಅವನ ಹಟ. ಗೌಡರ ಮನೆಯಲ್ಲಿ ಉಂಡು, ಅವರ ಜಗಲಿಯ ಮೇಲೆ ಕೂತು, ಕೇರಿಯವರನ್ನೆಲ್ಲ ಕರೆಸಿದ. ಅವರು ಬಂದು ಕೆಳಗೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಬಾವಿ ಎಲ್ಲಿ ಬೇಕು? ಹೇಳಿರವ್ವ."

ನಮ್ಮ ಕೇರಿಯ ಬೇವಿನ ಮರದ ಹತ್ತಿರ ಎಂಬ ಮಾತು ಕೆಂಚವ್ವನ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಗೌಡರು ಎಲೆಯಡಿಕೆ ಮೆಲ್ಲುತ್ತ ನಕ್ಕರು.

"ಹೇಳೇ ಕೆಂಚಿ. ಹೆದರಬೇಡ, ನಾನಿದ್ದೀನಲ್ಲ!"

ನಾಳೆ ಕೂಲಿಗೆ ಕರೆಯಬೇಕಾದವರೂ ಅವರೇ. ಕೆಂಚವ್ವ ಸೆರಗು ಸರಿಮಾಡಿಕೊಂಡು, "ತಾವು ಎಲ್ಲಿ ತೋರಿಸುತ್ತೀರೋ ಅಲ್ಲೇ ಆಗಲಿ ಬುದ್ಧೀ" ಎಂದಳು. ಮಿಕ್ಕವರೂ ಹೂಂಗುಟ್ಟಿದರು. ಬಾವಿ ಗೌಡರ ಕೊಟ್ಟಿಗೆಯ ಹಿಂದೆ ಆಯಿತು.

ಬಾವಿ ನೋಡಲು ವ್ಯಾಪಾರಿ ಮತ್ತೆ ಬಂದ. ಬಾವಿಯ ತುಂಬ ತಿಳಿನೀರು. ಅತ್ತ ದಿಬ್ಬದ ಮೇಲೆ ಕೆಂಚವ್ವ ತಾನೇ ಕೊಡ ಹೊತ್ತು, ನಿಂತು ನಿಂತು ಹತ್ತುತ್ತಿದ್ದಳು.

"ಬಾವಿ ಬಿಟ್ಟು ಹಳ್ಳಕ್ಕೆ ಯಾಕವ್ವ?"

"ಅಲ್ಲಿಗೆ ಹೋದರೆ ಮೊದಲು ಪೊರಕೆ ಕೈಗೆ ಕೊಡುತ್ತಾರೆ ನನ್ನಪ್ಪ. ಕೊಟ್ಟಿಗೆ ಗುಡಿಸಿ, ಸಗಣಿ ಹೊತ್ತು, ಆಮೇಲೆ ನೀರು. ಬಸುರಿಯನ್ನು ಹೇಗೆ ಕಳಿಸಲಿ? ಅದಕ್ಕಿಂತ ನನಗೆ ಈ ದಿಬ್ಬವೇ ವಾಸಿ."

"ಅವತ್ತೇ ಹೇಳಬಾರದಿತ್ತೇ? ನಾನು ಕೇಳಿದೆನಲ್ಲ!"

ಕೆಂಚವ್ವ ಅವನ ಮುಖವನ್ನೇ ನೋಡಿದಳು. ಕೊಡ ಸರಿಮಾಡಿಕೊಂಡು ಮತ್ತೆ ಹತ್ತತೊಡಗಿದಳು.

ಗುರುಗಳು ಕತೆ ನಿಲ್ಲಿಸಿದರು.

"ಪಾಪ, ಅವನು ಕೇಳಿದ್ದು ನಿಜ ತಾನೇ?" ಎಂದ ಶಿಷ್ಯ.

"ನೀನು ಕೇಳಿದ್ದು ಯಾರ ಜಗಲಿಯ ಮೇಲೆ ಕೂತು, ಮಗು?"