ಹೇಂಟೆ ಸಾಕಿದ ಬಾತುಮರಿ

ಬಾತು ಸರಿಯಾಗಿ ಕಾವಿಗೆ ಕೂರುವುದಿಲ್ಲವೆಂದು ಮನೆಯಾಕೆ ಅದರ ಮೊಟ್ಟೆಯೊಂದನ್ನು ಹೇಂಟೆಯ ಅಡಿ ಇಟ್ಟಿದ್ದಳು. ಮರಿಯಾದ ವಾರದೊಳಗೇ ಬಾತುಮರಿಯ ಕಾಲು ಕಲ್ಲಿನ ಸಂದಿಗೆ ಸಿಕ್ಕಿ ಪೆಟ್ಟಾಯಿತು. ಹೇಂಟೆ ಅದನ್ನು ಮಂಕರಿಯಲ್ಲಿ ಕೂರಿಸಿ, ನುಚ್ಚು ಹೆಕ್ಕಿ ತಂದು ಬಾಯಿಗಿಟ್ಟು ಜೋಪಾನ ಮಾಡಿತು.

ಕೆರೆಯ ಮುದಿ ಆಮೆ ಬಂದು ಹೇಳಿತು: “ತಾಯೀ, ಇದನ್ನು ನೀರಿಗೆ ಬಿಡು. ನೀರಲ್ಲಿ ಕಾಲಿಗೆ ಭಾರ ಬೀಳುವುದಿಲ್ಲ, ಬೇಗ ವಾಸಿಯಾಗುತ್ತದೆ.”

ಹೇಂಟೆಗೆ ಮೈಯೆಲ್ಲ ಉರಿಯಿತು. “ನೀರಿನ ಬಾನಿಯೊಳಗೆ ಬಿದ್ದು ಸತ್ತ ನನ್ನ ಮರಿಗಳನ್ನು ಕಣ್ಣಾರೆ ಕಂಡವಳು ನಾನು. ನಿನ್ನ ಮದ್ದು ನಿನಗೇ ಇರಲಿ!” ಎಂದು ಆಮೆಯ ಚಿಪ್ಪಿಗೆ ಕುಕ್ಕಿತು. ಅಂದಿನಿಂದ ಮರಿ ಮಂಕರಿಯಾಚೆ ಇಣುಕಿದಾಗಲೆಲ್ಲ, “ಕೆರೆ ನಮ್ಮಂಥವರನ್ನು ನುಂಗುತ್ತದೆ ಮಗಾ” ಎಂದು ಹೇಳಿ ಕೂರಿಸುತ್ತಿತ್ತು.

ಕೊನೆಗೆ ಕಾಲು ಸೊಟ್ಟಗೇ ನಿಂತಿತು. ಮರಿ ನಾಲ್ಕು ಹೆಜ್ಜೆಗೊಮ್ಮೆ ಮುಗ್ಗರಿಸುತ್ತಿತ್ತು. ಒಂದು ದಿನ ಕೆರೆಯ ತುಂಬ ಬಾತುಗಳು ಹಗುರಾಗಿ ತೇಲುವುದನ್ನು ಕಂಡು ಹೇಂಟೆಯ ಕರುಳು ಚುರ್ ಎಂದಿತು. ಮರಿಯನ್ನು ನೀರಿನಂಚಿಗೆ ಕರೆತಂದು, “ಇಳಿ ಮಗಾ, ಇದು ನಿನ್ನದೇ” ಎಂದಿತು.

ಮರಿ ನಡುಗುತ್ತ ತಾಯಿಯ ರೆಕ್ಕೆಯಡಿ ನುಗ್ಗಿತು.

“ಬೇಡಮ್ಮಾ,” ಎಂದಿತು, “ಅದು ನಮ್ಮಂಥವರನ್ನು ನುಂಗುತ್ತದೆ.”