ಒಣಗಿದ ರಟ್ಟು

ಹಳೆಯ ಬೈಕೊಂದರ ಗೇರ್‌ಬಾಕ್ಸಿನಿಂದ ಆಯಿಲ್ ಸೋರುತ್ತಿತ್ತು. ನೆಲ ಹಾಳಾಗಬಾರದೆಂದು ಮನೆಯವರು ಕೆಳಗೊಂದು ರಟ್ಟು ಹಾಸಿದ್ದರು. ಸೀಟಿನಡಿಯ ಬನಿಯನ್ ಬಟ್ಟೆ ದಿನಾ ಬೆಳಿಗ್ಗೆ ಹೊರಬಂದು ಬೈಕನ್ನು ಫಳಫಳ ಹೊಳೆಯುವಂತೆ ಒರೆಸುತ್ತಿತ್ತು.

“ಬಟ್ಟೆಯಣ್ಣ, ಒರೆಸೋ ಮುಂಚೆ ಎಲ್ಲಿಂದ ಸೋರ್ತಿದೆ ಅಂತ ಸ್ವಲ್ಪ ನೋಡಬಾರದೇ? ನಮ್ಮ ಹಲ್ಲು ಸವೀತಿದೆ,” ಎಂದು ಒಳಗಿನಿಂದ ಗೇರುಗಳು ಬೇಡಿಕೊಂಡವು.

“ನಾಳೆ ಆಯುಧಪೂಜೆ. ಬೀಗರು ಬರೋ ಹೊತ್ತಲ್ಲಿ ಸೋರುವ ಮಾತೆತ್ತುತ್ತೀರಲ್ಲ, ನಾಚಿಕೆಯಾಗಲ್ವಾ?” ಎಂದು ಬಟ್ಟೆ ಗದರಿತು.

ಪೂಜೆಯ ದಿನ ಕಲೆ ಕಾಣದಿರಲೆಂದು ರಟ್ಟನ್ನು ಮಗುಚಿ ಹಾಕಿದರು. ಮಧ್ಯಾಹ್ನವಾದರೂ ಅದರ ಮೇಲೆ ಒಂದು ಹನಿ ಬೀಳಲಿಲ್ಲ.

“ನೋಡಿದೆಯಾ, ಒರೆಸಿ ಒರೆಸಿಯೇ ಸೋರಿಕೆ ನಿಲ್ಲಿಸಿಬಿಟ್ಟೆ!” ಎಂದು ಬಟ್ಟೆ ಜಂಬ ಕೊಚ್ಚಿಕೊಂಡಿತು.

“ಅಣ್ಣ, ಸೋರೋಕೆ ಒಳಗೆ ಏನಾದರೂ ಉಳಿದಿದೆಯಾ?” ಎಂದಿತು ರಟ್ಟು.

“ಹಬ್ಬದ ದಿನ ಅಪಶಕುನ ನುಡೀಬೇಡ.”

ಹಾರ ಹಾಕಿಸಿಕೊಂಡ ಬೈಕು ನಿಂಬೆಹಣ್ಣು ತುಳಿದು ಹೊರಟಿತು. ಬೀದಿಯ ತಿರುವು ದಾಟುವ ಮೊದಲೇ ಗೇರುಗಳು ಕರಕರನೆ ಕಿರುಚಿ, ಒಂದಕ್ಕೊಂದು ಕಚ್ಚಿಕೊಂಡು ನಿಂತುಬಿಟ್ಟವು. ಬೀಗರೆಲ್ಲ ಗೇಟಿನ ಬಳಿ ಬಂದು ನೋಡಿದರು. ಬಟ್ಟೆ ಗಾಬರಿಯಿಂದ ಹೊರಬಂದು ಟ್ಯಾಂಕನ್ನು ಇನ್ನೊಂದು ಸಲ ಒರೆಸಿತು.